ದುಡ್ಡು ಕೊಟ್ಟವರಿಗೇ ಬೀಗ

ಕೊಡಗಿನಲ್ಲಿ ಮಳೆಗಾಲಕ್ಕೆ ತಯಾರಾಗೋದು ಅಂದ್ರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೌದೆ ಒಳಗೆ ಸೇರಬೇಕು, ಒಣಮೀನು ಡಬ್ಬಿ ತುಂಬಬೇಕು, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸಬೇಕು. ಈಚೀಚೆಗೆ ಇದರ ಜೊತೆ ಇನ್ನೊಂದು ಕೆಲಸ ಸೇರಿಕೊಂಡಿದೆ. ನೆಟ್‌ವರ್ಕ್ ಚೆನ್ನಾಗಿರುವಾಗಲೇ ಪುಸ್ತಕ, ಹಾಡು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದು. ನಮ್ಮ ಶನಿವಾರಸಂತೆ ಕಡೆ ಒಂದು ದೊಡ್ಡ ಮರ ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟು ಹೋಗುತ್ತದೆ. ಆಮೇಲೆ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಲೈನ್‌ಮನ್‌ಗಳು ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಿದರೂ ಎಷ್ಟೋ ಸಲ ದಿನಗಟ್ಟಲೆ ಆಗುತ್ತದೆ. ಅಂಥ ಒಂದು ಜುಲೈ ರಾತ್ರಿ, ದುಡ್ಡು ಕೊಟ್ಟು ತೆಗೆದುಕೊಂಡ ಒಂದು ಕಾದಂಬರಿಯನ್ನು ಫೋನಿನಲ್ಲಿ ತೆರೆದೆ. ಅರ್ಧ ಓದಿದ್ದೆ. 'ಲೈಸೆನ್ಸ್ ಪರಿಶೀಲಿಸಬೇಕಿದೆ, ಇಂಟರ್ನೆಟ್‌ಗೆ ಕನೆಕ್ಟ್ ಆಗಿ' ಅಂತ ಬಂತು. ಫೈಲು ಫೋನಿನಲ್ಲೇ ಇದೆ. ಜಾಗವನ್ನೂ ತಿನ್ನುತ್ತಿದೆ. ಆದರೆ ಎಲ್ಲೋ ದೂರದಲ್ಲಿರುವ ಒಂದು ಸರ್ವರ್ 'ಹೂಂ' ಅನ್ನುವ ತನಕ ನಾನು ಓದುವ ಹಾಗಿಲ್ಲ.

ತಿಂಗಳ ಚಂದಾ ಕಟ್ಟಿ ಕೇಳುವ ಹಾಡಿನ ಮಾತು ಬೇರೆ. ಚಂದಾ ನಿಂತರೆ ಹಾಡೂ ನಿಲ್ಲುತ್ತದೆ, ಅದು ಮೊದಲೇ ಆದ ಒಪ್ಪಂದ. ನಾನು ಹೇಳುತ್ತಿರುವುದು ಪೂರ್ತಿ ಬೆಲೆ ಕೊಟ್ಟು ಕೊಂಡ ವಸ್ತುವಿನ ಬಗ್ಗೆ. ನಮ್ಮಪ್ಪ ಸಂತೆಯಿಂದ ಕಾದಂಬರಿ ತಂದರೆ ಅದು ಓದಿ ಮುಗಿಯುವ ಹೊತ್ತಿಗೆ ಅತ್ತೆ ಮನೆಗೆ ಹೋಗಿರುತ್ತಿತ್ತು, ಅಲ್ಲಿಂದ ಸಕಲೇಶಪುರದ ಚಿಕ್ಕಪ್ಪನ ಮನೆಗೆ. ವಾಪಸ್ ಬರುವಾಗ ರಟ್ಟು ಕಿತ್ತಿರುತ್ತಿತ್ತು, ಪುಟದ ಅಂಚಿನಲ್ಲಿ ಚಿಕ್ಕಪ್ಪನ ಪೆನ್ಸಿಲ್ ಗೀಟು ಇರುತ್ತಿತ್ತು. ಯಾರ ಅನುಮತಿಯನ್ನೂ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಕೊಂಡ ಪುಸ್ತಕವನ್ನು ಕೈಬದಲು ಕೊಡುವುದು ಕಾನೂನಿಗೂ ಒಪ್ಪಿಗೆಯಾದ ವಿಷಯ.

ಅದೇ ಕಾದಂಬರಿ ಫೋನಿಗೆ ಬಂದ ಕೂಡಲೇ ಇದೆಲ್ಲ ಯಾಕೆ ಹೋಯಿತು? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಬೀಗದ ಬೆನ್ನಿಗೆ ಕಾನೂನು

ಡಿಜಿಟಲ್ ಫೈಲಿಗೆ ಹಾಕುವ ಬೀಗಕ್ಕೆ ಡಿಆರ್‌ಎಂ ಅಂತಾರೆ. ಬೀಗ ಅಂದ ಮೇಲೆ ಯಾರಾದರೂ ತೆಗೆಯುವವರು ಇದ್ದೇ ಇರುತ್ತಾರೆ. ಅದಕ್ಕೇ ಕಂಪನಿಗಳು ಬೀಗದ ಬೆನ್ನಿಗೆ ಒಂದು ಕಾನೂನು ಬೇಕು ಅಂದವು. 1996ರಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಒಪ್ಪಂದಗಳಲ್ಲಿ ಇದು ಸೇರಿತು. 1998ರಲ್ಲಿ ಅಮೆರಿಕ ಡಿಎಂಸಿಎ ಅನ್ನುವ ಕಾಯ್ದೆ ಮಾಡಿತು. ಅದರ 1201ನೇ ಕಲಂ ತುಂಬ ಗಡುಸು. ಬೀಗ ತೆಗೆಯುವುದೇ ತಪ್ಪು, ತೆಗೆಯುವ ಸಾಧನ ಮಾಡಿ ಹಂಚುವುದೂ ತಪ್ಪು. ಒಳಗಿರುವ ಪುಸ್ತಕ ನಿಮ್ಮದೇ ಆಗಿರಬಹುದು, ನೀವು ಒಂದೇ ಒಂದು ಪ್ರತಿಯನ್ನೂ ಯಾರಿಗೂ ಹಂಚದೆ ಇರಬಹುದು. ಆದರೂ ಬೀಗ ಮುಟ್ಟಿದ್ದು ತಪ್ಪೇ. ಲಾಭಕ್ಕಾಗಿ ಬೇಕಂತಲೇ ಮಾಡಿದ್ದು ಅಂತಾದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 5 ಲಕ್ಷ ಡಾಲರ್‌ವರೆಗೆ ದಂಡ.

ಇದರ ಏಟು ಮೊದಲು ತಿಂದವರಲ್ಲಿ ಡಿಮಿಟ್ರಿ ಸ್ಕ್ಲ್ಯಾರೋವ್ ಒಬ್ಬರು. ರಷ್ಯಾದ ಪ್ರೋಗ್ರಾಮರ್. ಅಡೋಬಿಯ ಇ-ಪುಸ್ತಕಗಳ ಬೀಗ ತೆಗೆಯುವ ಸಾಫ್ಟ್‌ವೇರ್ ಬರೆಯುವುದರಲ್ಲಿ ಅವರ ಕೈಯಿತ್ತು. ಅವರ ದೇಶದಲ್ಲಿ ಅದು ಅಪರಾಧವಾಗಿರಲಿಲ್ಲ. 2001ರ ಜುಲೈನಲ್ಲಿ ಲಾಸ್ ವೇಗಸ್‌ಗೆ ಬಂದು ಒಂದು ಸಮ್ಮೇಳನದಲ್ಲಿ ಆ ಬಗ್ಗೆ ಮಾತಾಡಿದರು. ಅಲ್ಲೇ ಅವರನ್ನು ಹಿಡಿದರು. ಮುಂದಿನ ವರ್ಷ ಡಿಸೆಂಬರಿನಲ್ಲಿ ಅವರ ಕಂಪನಿ ತಪ್ಪಿತಸ್ಥ ಅಲ್ಲ ಅಂತ ಜ್ಯೂರಿ ಹೇಳಿತು. ಅಷ್ಟರಲ್ಲಿ ಆ ಮನುಷ್ಯ ಜೈಲು ಕಂಡು, ತಿಂಗಳುಗಟ್ಟಲೆ ಊರಿಗೆ ಹೋಗಲಾರದೆ ಉಳಿದಿದ್ದರು. ಈ ಸುದ್ದಿ ಕೇಳಿದ ಬೇರೆ ಪ್ರೋಗ್ರಾಮರ್‌ಗಳು ಎಷ್ಟು ಜನ ತಮ್ಮ ಕೆಲಸವನ್ನು ಸುಮ್ನೆ ಮಡಚಿಟ್ಟಿರಬಹುದು ಅಂತ ಯೋಚಿಸಿ.

ಅಮೆರಿಕದ ಕಾಯ್ದೆಯಲ್ಲಿ ಒಂದು ಕಿಟಕಿ ಇದೆ. 3 ವರ್ಷಕ್ಕೊಮ್ಮೆ ಜನ ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ಕಣ್ಣು ಕಾಣದವರು ಇ-ಪುಸ್ತಕವನ್ನು ಫೋನಿನಿಂದ ಓದಿಸಿಕೊಳ್ಳುವುದಕ್ಕೂ ಹೀಗೇ ವಿನಾಯಿತಿ ಕೇಳಬೇಕು, 3 ವರ್ಷ ಕಳೆದ ಮೇಲೆ ಅದನ್ನು ಮತ್ತೆ ನವೀಕರಿಸಿಕೊಳ್ಳಬೇಕು. ಟ್ರ್ಯಾಕ್ಟರ್ ರಿಪೇರಿಗೆ ಅದರೊಳಗಿನ ಸಾಫ್ಟ್‌ವೇರ್ ಬೀಗ ತೆಗೆಯಬಹುದು ಅಂತ ರೈತರಿಗೆ ಸಿಕ್ಕ ವಿನಾಯಿತಿಯೂ 2015ರಲ್ಲಿ ಹೀಗೇ ಬಂದದ್ದು. ತಮ್ಮ ಗದ್ದೆಯಲ್ಲಿ ನಿಂತಿರುವ ತಮ್ಮ ಟ್ರ್ಯಾಕ್ಟರ್ ಬಿಚ್ಚುವುದಕ್ಕೆ ಕಾಪಿರೈಟ್ ಕಚೇರಿಯ ಒಪ್ಪಿಗೆ ಬೇಕಾಯಿತು. ಪುಸ್ತಕ, ಹಾಡನ್ನು ಕಾಪಾಡುವುದಕ್ಕೆ ಅಂತ ಮಾಡಿದ ಕಾನೂನು ಹೊಲದವರೆಗೆ ಹೋಗಿಬಿಟ್ಟಿತು.

ಬೀಗ ಹಾಕಿದವರ ಕೈಯಲ್ಲಿ ಎಷ್ಟು ಬಲ ಇರುತ್ತದೆ ಅನ್ನುವುದಕ್ಕೆ ಇನ್ನೆರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಜನ ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಅವರವರ ಕಿಂಡಲ್ ಅನ್ನುವ ಇ-ಪುಸ್ತಕ ಓದುವ ಸಾಧನದಿಂದ, ದೂರದಲ್ಲಿ ಕೂತೇ ಅಳಿಸಿತು. ಆ ಪ್ರತಿಗಳನ್ನು ಮಾರಿದವರಿಗೆ ಹಕ್ಕಿರಲಿಲ್ಲ ಅನ್ನುವುದು ಕಾರಣ. ದುಡ್ಡೇನೋ ವಾಪಸ್ ಬಂತು. ಆದರೆ ಪುಸ್ತಕದ ಅಂಗಡಿಯವರು ರಾತ್ರಿ ನಮ್ಮ ಮನೆಗೆ ಬಂದು ಕಪಾಟಿನಿಂದ ಪುಸ್ತಕ ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ನಾವು ಒಪ್ಪುತ್ತೇವಾ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರ ಪುಸ್ತಕಗಳೂ ಜೊತೆಗೇ ಹೋದವು. ಅಲ್ಲೂ ದುಡ್ಡು ವಾಪಸ್ ಕೊಟ್ಟರು. ಎಲ್ಲ ಅಂಗಡಿಯೂ ಮುಚ್ಚುವಾಗ ದುಡ್ಡು ವಾಪಸ್ ಕೊಡುವಷ್ಟು ದೊಡ್ಡದಾಗಿರುವುದಿಲ್ಲ, ಕನ್ನಡದ ಪುಟ್ಟ ಆ್ಯಪ್‌ಗಳಂತೂ ಅಲ್ಲವೇ ಅಲ್ಲ.

ಪೋಸ್ಟ್ ಮಾಸ್ಟರ ಫೋನು

ನಮ್ಮ ಬೀದಿಯಲ್ಲಿ ನಿವೃತ್ತ ಪೋಸ್ಟ್ ಮಾಸ್ಟರೊಬ್ಬರು ಇದ್ದಾರೆ. ಗ್ಲಕೋಮಾದಿಂದ ಎರಡೂ ಕಣ್ಣಿನ ದೃಷ್ಟಿ ಹೋಗಿದೆ. ಬೆಂಗಳೂರಿನಲ್ಲಿರುವ ಮಗ ಬಂದು ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಟ್ಟು ಹೋದ ಮೇಲೆ ಅವರ ದಿನವೇ ಬದಲಾಯಿತು. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿ ಏನಿದೆ ಅಂತ ಫೋನು ಕನ್ನಡದಲ್ಲಿ ಹೇಳುತ್ತದೆ. ಪೇಪರು, ವಾಟ್ಸಾಪ್, ಕಾಫಿ ರೇಟು, ಎಲ್ಲ ಕೇಳುತ್ತಾರೆ. ಒಂದು ಸಂಜೆ ನನ್ನನ್ನು ಕರೆದು, 'ಟೀಚರ್, ಈ ಪುಸ್ತಕ ಮಾತ್ರ ಓದ್ತಾ ಇಲ್ಲ, ಸ್ವಲ್ಪ ನೋಡಿ' ಅಂದರು. ಮಗನ ಹತ್ತಿರ ಹೇಳಿ ಒಂದು ಹೊಸ ಕಾದಂಬರಿ ಕೊಂಡಿದ್ದರು. ಬೆರಳು ಆಡಿಸಿದರೆ ಫೋನು 'ಚಿತ್ರ' ಅನ್ನುತ್ತಿತ್ತು. ಇನ್ನೊಂದು ಕಡೆ ಇಟ್ಟರೆ 'ಬಟನ್'. ಮತ್ತೆ 'ಚಿತ್ರ'. ಪುಟ ತಿರುಗಿಸಿದರೂ ಅದೇ. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ಆದರೆ ಬೇರೆ ಯಾವ ಸಾಫ್ಟ್‌ವೇರೂ ಆ ಅಕ್ಷರ ಮುಟ್ಟದ ಹಾಗೆ ಆ್ಯಪ್ ಮುಚ್ಚಿಟ್ಟಿತ್ತು.

ಸ್ಕ್ರೀನ್‌ಶಾಟ್ ತೆಗೆದು ಬೇರೆ ಆ್ಯಪ್‌ನಿಂದ ಓದಿಸೋಣ ಅಂತ ನೋಡಿದೆ. ಸ್ಕ್ರೀನ್‌ಶಾಟ್ ತೆಗೆಯಲು ಅನುಮತಿ ಇಲ್ಲ ಅಂತ ಬಂತು. ಕೊನೆಗೆ ಅವರ ಫೋನನ್ನು ಟೀಪಾಯಿ ಮೇಲಿಟ್ಟು, ನನ್ನ ಫೋನಿನಿಂದ ಒಂದೊಂದೇ ಪುಟದ ಫೋಟೋ ಹೊಡೆದು, ಆ ಫೋಟೋದಿಂದ ಅಕ್ಷರ ಎತ್ತುವ ಕೆಲಸಕ್ಕೆ ಇಳಿದೆ. ಟ್ಯೂಬ್‌ಲೈಟಿನ ಬೆಳಕು ಗಾಜಿನ ಮೇಲೆ ಬಿದ್ದ ಕಡೆಯಲ್ಲೆಲ್ಲ ಸಾಲು ಹಾರಿ ಹೋಗುತ್ತಿತ್ತು. ಒತ್ತಕ್ಷರ ಬಿಟ್ಟುಹೋಗಿ 'ಅಕ್ಕ' 'ಅಕ' ಆಗುತ್ತಿತ್ತು. ಮೊದಲ ಅಧ್ಯಾಯ ಮುಗಿಸುವ ಹೊತ್ತಿಗೆ ಅವರ ಮನೆಯವರು ಎರಡನೇ ಸಲ ಕಾಫಿ ತಂದಿಟ್ಟರು. ಪೋಸ್ಟ್ ಮಾಸ್ಟರು ಅಷ್ಟು ಹೊತ್ತು ಮಾತಾಡದೆ ಕೂತಿದ್ದವರು, 'ನಾನು ಇದನ್ನ ಕದ್ದಿಲ್ವಲ್ಲ ಟೀಚರ್. ದುಡ್ಡು ಕಟ್ ಆದ ಮೆಸೇಜ್ ಇದೆ, ಬೇಕಾದ್ರೆ ನೋಡಿ' ಅಂದರು. ನನಗೆ ಅವರು ರಸೀದಿ ತೋರಿಸಬೇಕಾದ ಅಗತ್ಯವೇ ಇರಲಿಲ್ಲ. ಆದರೂ ತೋರಿಸಬೇಕು ಅನ್ನಿಸಿತಲ್ಲ ಅವರಿಗೆ, ಅದು ನನಗೆ ತುಂಬ ನೋವು ಕೊಟ್ಟಿತು. ಜೀವಮಾನವೆಲ್ಲ ಊರಿನವರ ಮನಿಯಾರ್ಡರ್‌ಗಳನ್ನು ಪೈಸೆ ಆಚೀಚೆ ಆಗದ ಹಾಗೆ ತಲುಪಿಸಿದ ಮನುಷ್ಯ ಅವರು.

ಆ್ಯಪ್‌ನವರಿಗೆ ಬರೆದೆವು. 'ಪ್ರಕಾಶಕರು ಈ ಸೌಲಭ್ಯ ಕೊಟ್ಟಿಲ್ಲ' ಅಂತ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಆಮೇಲೆ ಹೇಗೋ ಲೇಖಕರ ನಂಬರ್ ಹುಡುಕಿ ಫೋನ್ ಮಾಡಿದೆ. ತಮ್ಮ ಪುಸ್ತಕಕ್ಕೆ ಇಂಥ ಬೀಗ ಬಿದ್ದಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಕಾಪಿರೈಟ್ ಅವರದೇ. ತಕ್ಷಣ ಡಿಟಿಪಿ ಮಾಡಿಸಿದ್ದ ಫೈಲನ್ನೇ ಮೇಲ್ ಮಾಡಿದರು. ಅದು ಹಳೇ ನುಡಿ ಫಾಂಟಿನಲ್ಲಿತ್ತು, ಫೋನು ಓದಬಲ್ಲ ಯೂನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವೊತ್ತೆಲ್ಲ ಅಡ್ಡಾದಿಡ್ಡಿ ಆಯಿತು. ನಮ್ಮ ಹೈಸ್ಕೂಲಿನ ಇಬ್ಬರು ಹುಡುಗಿಯರು ಕೂತು ಸರಿಮಾಡಿದರು. ಈಗ ಪೋಸ್ಟ್ ಮಾಸ್ಟರು ಅದನ್ನು ಕೇಳಿ ಮುಗಿಸಿ, ಮುಖ್ಯ ಪಾತ್ರದ ಬಗ್ಗೆ ಲೇಖಕರ ಜೊತೆ ಫೋನಿನಲ್ಲೇ ಜಗಳಾಡುತ್ತಿದ್ದಾರೆ.

ಆ ಲೇಖಕರು ಒಳ್ಳೆಯವರು, ಫೋನ್ ಎತ್ತಿದರು. ತೀರಿಕೊಂಡ ಲೇಖಕರ ಪುಸ್ತಕ ಆಗಿದ್ದರೆ? ಹಕ್ಕೆಲ್ಲ ಕಂಪನಿಗೆ ಬರೆದುಕೊಟ್ಟವರದಾಗಿದ್ದರೆ? ಒಬ್ಬ ಓದುಗನ ಹಕ್ಕು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ

ಈ ಘಟನೆ ಆದ ಮೇಲೆ ನಾನು ನಮ್ಮ 1957ರ ಕಾಪಿರೈಟ್ ಕಾಯ್ದೆಯನ್ನು ಕೂತು ಓದಿದೆ. ನಮ್ಮದು ಅಮೆರಿಕದ ಕಾಯ್ದೆಗಿಂತ ಬಹಳ ವಾಸಿ. 2012ರ ತಿದ್ದುಪಡಿಯಲ್ಲಿ 65ಎ ಅನ್ನುವ ಕಲಂ ಬಂತು. ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಒಂದು ಷರತ್ತಿದೆ: ಕಾಪಿರೈಟ್ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಕಾಯ್ದೆ ಬೇಡ ಅನ್ನದ ಕೆಲಸಕ್ಕೆ ಬೀಗ ತೆಗೆದರೆ ಅಪರಾಧವಿಲ್ಲ. ಸ್ವಂತ ಓದಿಗೆ, ಅಧ್ಯಯನಕ್ಕೆ ನ್ಯಾಯವಾಗಿ ಬಳಸುವುದನ್ನು 52(1)(ಎ) ಕಲಂ ಮೊದಲೇ ಒಪ್ಪುತ್ತದೆ. ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಾಯಿಸುವುದನ್ನು 52(1)(ಝಡ್‌ಬಿ) ಒಪ್ಪುತ್ತದೆ. ಅಂದ ಮೇಲೆ ಪೋಸ್ಟ್ ಮಾಸ್ಟರ ಪುಸ್ತಕದ ಬೀಗ ತೆಗೆದಿದ್ದರೂ ಅಪರಾಧ ಆಗುತ್ತಿರಲಿಲ್ಲ. ಕಣ್ಣು ಕಾಣದವರ ಓದಿಗಾಗಿ 2013ರಲ್ಲಿ ಆದ ಮರ್ರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೂ ಭಾರತವೇ, 2014ರಲ್ಲಿ. ಇದು ನಾವು ಹೆಮ್ಮೆಪಡಬೇಕಾದ ವಿಷಯ.

ಹಾಗಿದ್ದರೆ ತಕರಾರು ಎಲ್ಲಿ? ಬೀಗ ತೆಗೆದರೆ ತಪ್ಪಿಲ್ಲ ಅಂತ ಕಾನೂನು ಹೇಳುತ್ತದೆ. ಬೀಗದ ಕೈ ಕೊಡಿ ಅಂತ ಕಂಪನಿಗೆ ಹೇಳುವುದಿಲ್ಲ. ಶನಿವಾರಸಂತೆಯ ಎಪ್ಪತ್ತು ದಾಟಿದ ಅಜ್ಜ ಡಿಆರ್‌ಎಂ ತೆಗೆಯುವ ವಿದ್ಯೆ ಎಲ್ಲಿ ಕಲಿಯಬೇಕು? ಯಾರಾದರೂ ಸಹಾಯ ಮಾಡಬೇಕು. ಅಲ್ಲೇ ಆ ಕಲಂ ಒಂದು ಕೊಕ್ಕೆ ಇಟ್ಟಿದೆ. ಇನ್ನೊಬ್ಬರಿಗಾಗಿ ಬೀಗ ತೆಗೆಯಲು ನೆರವಾಗುವವರು ಆ ನೆರವು ಪಡೆದವರ ಹೆಸರು, ವಿಳಾಸ, ಗುರುತಿನ ವಿವರ, ಯಾವ ಉದ್ದೇಶಕ್ಕೆ ಅನ್ನುವುದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗನಿಗೆ ಇದನ್ನು ಹೇಳಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, 'ಬೇಡ ಮೇಡಂ, ನಾಳೆ ಯಾರಾದ್ರೂ ಬಂದು ಲಿಸ್ಟ್ ತೋರ್ಸು ಅಂದ್ರೆ?' ಅಂದ. ಅವನ ಭಯ ಸುಳ್ಳಲ್ಲ. ಯಾರು ಯಾವ ಪುಸ್ತಕ ಓದಿದರು ಅನ್ನುವ ಪಟ್ಟಿ ಒಂದು ಅಂಗಡಿಯ ಡ್ರಾಯರಿನಲ್ಲಿ ಕೂತಿರುವುದು ಒಳ್ಳೆಯದಲ್ಲ. ಹೀಗೆ ಕಾಗದದ ಮೇಲಿರುವ ಹಕ್ಕು ಕೈಗೆ ಬರುವುದೇ ಇಲ್ಲ.

ಇನ್ನೊಂದು ಕಡೆಯಿಂದ, ಈಗ ಇರುವ ಅಷ್ಟು ರಕ್ಷಣೆಯನ್ನೂ ಕಿತ್ತುಕೊಳ್ಳುವ ಒತ್ತಡ ಇದೆ. ಅಮೆರಿಕದ ವ್ಯಾಪಾರ ಪ್ರತಿನಿಧಿಯ ಕಚೇರಿ ಪ್ರತಿವರ್ಷ ಒಂದು ವರದಿ ತರುತ್ತದೆ. ಭಾರತ ಅದರ ಆದ್ಯತೆಯ ನಿಗಾ ಪಟ್ಟಿಯಲ್ಲಿ ವರ್ಷಾನುಗಟ್ಟಲೆಯಿಂದ ಇದೆ. ಡಿಜಿಟಲ್ ಬೀಗದ ಕಾನೂನು ಸಾಕಷ್ಟು ಬಿಗಿಯಾಗಿಲ್ಲ ಅನ್ನುವುದೂ ಅವರ ದೂರುಗಳಲ್ಲಿ ಒಂದು. 2018ರಲ್ಲಿ ನಾವೂ 1996ರ ಆ ಒಪ್ಪಂದಗಳಿಗೆ ಸೇರಿದೆವು. ವ್ಯಾಪಾರದ ಮಾತುಕತೆಯಲ್ಲಿ ಔಷಧಿ, ಸುಂಕದ ಜೊತೆ ಈ ವಿಷಯವೂ ಮೇಜಿಗೆ ಬಂದರೆ, 'ಉಲ್ಲಂಘಿಸುವ ಉದ್ದೇಶದಿಂದ' ಅನ್ನುವ ಮಾತನ್ನು ತೆಗೆದುಹಾಕಿ ಅಂತ ಕೇಳಬಹುದು. ಅದೊಂದು ಹೋದರೆ ಪೋಸ್ಟ್ ಮಾಸ್ಟರಿಗೂ ಕಳ್ಳಪ್ರತಿ ಮಾರುವವನಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಹಾಗಾದರೆ ಲೇಖಕರ ಗತಿ?

ಇದನ್ನು ಕೇಳುವವರ ಕಾಳಜಿ ನಿಜವಾದದ್ದು. ಕನ್ನಡದಲ್ಲಿ ಸಾವಿರ ಪ್ರತಿ ಖರ್ಚಾದರೆ ಹಬ್ಬ ಅನ್ನುವ ಸ್ಥಿತಿ ಇದೆ. ಬಂದ ವಾರದಲ್ಲೇ ಪುಸ್ತಕದ ಪಿಡಿಎಫ್ ಟೆಲಿಗ್ರಾಂ ಗುಂಪಿನಲ್ಲಿ ಕಂಡರೆ ಲೇಖಕರ ಹೊಟ್ಟೆ ಉರಿಯದೆ ಇರುತ್ತದಾ? ಹಾಗೆ ಹಂಚುವುದು ತಪ್ಪು, ನಾನು ನಮ್ಮ ಮಕ್ಕಳಿಗೂ ಹಾಗೇ ಹೇಳುತ್ತೇನೆ. ಆದರೆ ಅದನ್ನು ಶಿಕ್ಷಿಸಲು 63ನೇ ಕಲಂ ಇದ್ದೇ ಇದೆ: 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಬೀಗದ ಕಾನೂನು ಇದಕ್ಕೆ ಜಾಸ್ತಿ ಏನನ್ನೂ ಸೇರಿಸುವುದಿಲ್ಲ. ಲೋಕದಲ್ಲಿ ಎಲ್ಲೋ ಒಬ್ಬ ಒಂದು ಸಲ ಬೀಗ ಮುರಿದರೆ ಸಾಕು, ಆಮೇಲೆ ಪುಕ್ಕಟೆ ಪ್ರತಿ ಓದುವವರಿಗೆ ಬೀಗ ಅನ್ನುವುದೇ ಇರುವುದಿಲ್ಲ. ಅವರ ಪ್ರತಿ ಮಳೆಯಲ್ಲೂ ತೆರೆಯುತ್ತದೆ, ಗಟ್ಟಿಯಾಗಿಯೂ ಓದುತ್ತದೆ. ತೊಂದರೆ ಎಲ್ಲ ದುಡ್ಡು ಕೊಟ್ಟವರಿಗೆ. ಲೇಖಕರಿಗೆ ನಾಲ್ಕು ಕಾಸು ಸಿಗಲಿ ಅಂತ ಬಯಸುವ ನಾನು ಇದನ್ನು ಹೇಗೆ ಒಪ್ಪಲಿ?

ಉಳಿಸಿಕೊಳ್ಳುವ ಪ್ರಶ್ನೆ

ಕೊಡಗಿನವಳಾಗಿ ನನಗೆ ಇನ್ನೊಂದು ಚಿಂತೆ ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಇಳಿದಾಗ ಏನೇನು ಹೋಯಿತು ಅಂತ ನಮಗೆ ಗೊತ್ತು. ಜೀವ, ತೋಟ, ಮನೆಗಳ ಮಾತು ಮೊದಲು. ಅವುಗಳ ಜೊತೆ ಮದುವೆ ಆಲ್ಬಂ, ಹಳೇ ದಾಖಲೆ, ಕೈಬರಹದ ಹಾಡಿನ ಪುಸ್ತಕಗಳೂ ಕೆಸರಿಗೆ ಸೇರಿದವು. ಎರಡನೇ ಪ್ರತಿ ಬೇರೆ ಊರಲ್ಲಿ ಇದ್ದವರಿಗೆ ಅಷ್ಟಾದರೂ ಉಳಿಯಿತು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಅದು ಇವತ್ತಿಗೂ ನಮ್ಮ ಕೈಯಲ್ಲಿದೆ ಅಂದರೆ ನೂರಾರು ಮನೆಯ ಪೆಟ್ಟಿಗೆಗಳಲ್ಲಿ ಅದರ ಪ್ರತಿ ಇತ್ತು, ಜನ ನೋಡಿ ಬರೆದುಕೊಂಡರು, ಮತ್ತೆ ಅಚ್ಚು ಹಾಕಿದರು. ಈಗ ಬರುವ ಎಷ್ಟೋ ಹಾಡು, ಬರಹ ಆ್ಯಪ್‌ನಲ್ಲಿ ಮಾತ್ರ ಬರುತ್ತವೆ, ಬೀಗ ಹಾಕಿಕೊಂಡೇ ಬರುತ್ತವೆ. ಕಾಪಿರೈಟಿಗಾದರೂ ಒಂದು ಕೊನೆ ಇದೆ. ಲೇಖಕರು ತೀರಿ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾಗಿ 60 ವರ್ಷ. ಆಮೇಲೆ ಅದು ಎಲ್ಲರದು. ಬೀಗಕ್ಕೆ ಹಾಗೆ ಕೊನೆಯ ದಿನ ಅಂತ ಇಲ್ಲ. ಅವಧಿ ಮುಗಿದರೂ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ.

ಲೈಬ್ರರಿಗಳು ಕಾಪಾಡುತ್ತವೆ ಅಂತ ಅಂದುಕೊಂಡಿದ್ದೆ. 52(1)(ಎನ್) ಓದಿದ ಮೇಲೆ ಆ ಧೈರ್ಯವೂ ಹೋಯಿತು. ಸಾರ್ವಜನಿಕ ಗ್ರಂಥಾಲಯ ಉಳಿಸಿಕೊಳ್ಳುವುದಕ್ಕಾಗಿ ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು, ಆದರೆ ಅದರ ಹತ್ತಿರ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕು. ಕಾಗದದಲ್ಲಿ ಬಂದೇ ಇರದ ಪುಸ್ತಕವನ್ನು ನಮ್ಮ ಪಂಚಾಯಿತಿಯ ಅರಿವು ಕೇಂದ್ರ ಹೇಗೆ ಉಳಿಸಿಕೊಳ್ಳಬೇಕು? 2012ರಲ್ಲಿ ಈ ಕಲಂ ಬರೆದವರಿಗೆ ಅಂಥ ಪುಸ್ತಕ ಅಪರೂಪ ಅನ್ನಿಸಿರಬಹುದು. ಈಗ ಅದು ದಿನನಿತ್ಯದ ಮಾತು.

ಪೋಸ್ಟ್ ಮಾಸ್ಟರು ಹೇಳಿದ ಹಾಗೆ ನಾನು ಬರೆದುಕೊಂಡು, ಮೈಸೂರು-ಕೊಡಗು ಕ್ಷೇತ್ರದ ಸಂಸದರಿಗೆ ಒಂದು ಪತ್ರ ಕಳಿಸಿದ್ದೇವೆ. ಕಾಪಿರೈಟ್ ವಿಷಯ 2016ರಿಂದ ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಕೈಯಲ್ಲಿದೆ, ಅದಕ್ಕೆ ಮೊದಲು ಶಿಕ್ಷಣದ ವಿಷಯ ನೋಡುವ ಸಚಿವಾಲಯದಲ್ಲಿತ್ತು. ಅದಕ್ಕೇ ಒಂದು ಪ್ರತಿ ಅಲ್ಲಿಗೂ ಹೋಗಿದೆ. ಕೇಳಿರುವುದು ಇಷ್ಟು. 65ಎ ಕಲಮಿನ ಉದ್ದೇಶದ ಷರತ್ತನ್ನು ಯಾವ ವ್ಯಾಪಾರ ಒಪ್ಪಂದಕ್ಕೂ ಬಿಟ್ಟುಕೊಡಬೇಡಿ. ನೆರವಾಗುವವರು ಹೆಸರು, ವಿಳಾಸ ಬರೆದಿಡಬೇಕು ಅನ್ನುವುದನ್ನು ತೆಗೆಯಿರಿ. ಕಣ್ಣು ಕಾಣದ ಓದುಗರು ಕೇಳಿದರೆ ಮಾರಿದವರೇ ಬೀಗವಿಲ್ಲದ ಪ್ರತಿ ಕೊಡಬೇಕು, ಕೊಡಲು ಇಂತಿಷ್ಟು ದಿನ ಅಂತ ಇರಬೇಕು. ಅಂಗಡಿ ಮುಚ್ಚುವವರು ಮುಚ್ಚುವ ಮೊದಲು ಕೊಂಡವರ ಫೈಲಿನ ಬೀಗ ತೆಗೆದು ಹೋಗಬೇಕು. ಲೈಬ್ರರಿಗಳಿಗೆ ಡಿಜಿಟಲ್ ಪುಸ್ತಕವನ್ನೂ ಉಳಿಸಿಕೊಳ್ಳಲು ಬಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ. ಅಂಗಡಿಯವರು ಕೊಡುತ್ತಿರುವುದು ಬರೀ ಲೈಸೆನ್ಸ್, ಅಂದರೆ ಬಳಸುವ ಅನುಮತಿ ಮಾತ್ರ ಆಗಿದ್ದರೆ ಅದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಇಲ್ಲಿಯೂ ಅಷ್ಟಾದರೂ ಕೂಡಲೇ ಮಾಡಬಹುದು, ಅದೂ ಕನ್ನಡದಲ್ಲಿ.

ನೀವೂ ಬರೆಯುವುದಾದರೆ ಇಂಗ್ಲಿಷೇ ಬೇಕು ಅಂತಿಲ್ಲ, ಕನ್ನಡದಲ್ಲೇ ಬರೆಯಿರಿ. ನಿಮಗೆ ಆದ ತೊಂದರೆ ಏನು ಅಂತ ಮೊದಲು ಹೇಳಿ, ಆಮೇಲೆ 65ಎ, 52(1)(ಎನ್), 52(1)(ಝಡ್‌ಬಿ) ಅಂತ ಕಲಂಗಳ ಸಂಖ್ಯೆ ಸೇರಿಸಿ. ಸಂಖ್ಯೆ ಇದ್ದರೆ ಪತ್ರ ಸರಿಯಾದ ಮೇಜಿಗೆ ಹೋಗುತ್ತದೆ ಅಂತ ಪೋಸ್ಟ್ ಮಾಸ್ಟರು ಹೇಳುತ್ತಾರೆ.